ಗಿಡ ನೆಡದೆ ಹಕ್ಕಲು ಕಾಡಾದ ಬಗೆ

ಸಾಗರದ ಕಡೆ ಬೀಳುಬಿದ್ದ ಹಕ್ಕಲಿಗೆ, ಅಂದರೆ ಕುರುಚಲು ಬೆಳೆದ ಒಣಜಮೀನಿಗೆ, ಎಲ್ಲರೂ ಹೇಳುವುದು ಎರಡೇ: ಜೆಸಿಬಿ ಹೊಡೆಸಿ, ಇಲ್ಲ ಅಕೇಶಿಯಾ ಹಾಕಿ. ನಾನು ಎರಡನ್ನೂ ಮಾಡಲಿಲ್ಲ. ‘ಯುಪಟೋರಿಯಂ ಕಳೆ ಬಿಟ್ಟು ಇನ್ನೇನೂ ಏಳಲ್ಲ’ ಅಂದವರೇ ಈಗ ಬಂದು ಮತ್ತಿ, ಹೊನ್ನೆ ಮರ ಎಣಿಸಿ ಹೋಗುತ್ತಾರೆ.

ನೆಲದಡಿ ಬೇರು ಜೀವ ಹಿಡಿದಿದ್ದರೆ ಅರ್ಧ ಕೆಲಸ ಆದಂತೆಯೇ. ಮತ್ತಿ, ನಂದಿ, ಕೌಲು, ಹೊನ್ನೆ ಕಡಿದ ಬುಡದಿಂದಲೇ ಚಿಗುರುತ್ತವೆ. ಬೀಟೆ ಬೇರಿನಿಂದ ದೂರದಲ್ಲೂ ಮರಿ ಏಳಿಸುತ್ತದೆ. ಜೆಸಿಬಿ ಕಿತ್ತುಹಾಕುವುದು ಇದನ್ನೇ. ಬೇಸಿಗೆಯಲ್ಲೇ ಬುಡಗಳ ಪಕ್ಕ ಗೂಟ ಹೊಡೆದಿಡಿ. ಮಳೆ ಹಿಡಿದ ಮೇಲೆ ಕಳೆಯೊಳಗೆ ಕಾಣುವುದಿಲ್ಲ, ಆಳುಗಳ ಕತ್ತಿಗೆ ಮೊದಲು ಸಿಗುವುದೇ ಚಿಗುರು.

ದುಡ್ಡು ಹೋಗುವುದು ಯುಪಟೋರಿಯಂಗೆ. ಕತ್ತಿಯಲ್ಲಿ ಸವರಿದರೆ ಬುಡದಿಂದ ಮತ್ತೆ ಏಳುತ್ತದೆ. ಆ ಕೂಲಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಜುಲೈ-ಆಗಸ್ಟಿನಲ್ಲಿ ನೆಲ ಮೆತ್ತಗಿರುವಾಗ ಬೇರುಸಮೇತ ಕಿತ್ತು, ಬೇರು ಮೇಲಾಗಿ ಕಲ್ಲಿನ ಮೇಲೋ ಪೊದೆಯ ಮೇಲೋ ಹಾಕಬೇಕು. ಮಣ್ಣು ತಾಗಿದರೆ ಅಲ್ಲೇ ಹತ್ತಿಕೊಳ್ಳುತ್ತದೆ. ಉಳಿದದ್ದನ್ನು ದೀಪಾವಳಿಯೊಳಗೆ, ಹೂವಾಗುವ ಮೊದಲೇ ಮುಗಿಸಿ. ಮೊದಲ ವರ್ಷ ಎಕರೆಗೆ 20ರ ಸುಮಾರು ಆಳು, ಕೂಲಿ-ಊಟ ಸೇರಿ 12,000 ರೂಪಾಯಿ ಆಸುಪಾಸು. ಎರಡನೇ ವರ್ಷ ಅದರರ್ಧ, ಆಮೇಲೆ ನಾಲ್ಕೈದು ಆಳು ಸಾಕು.

ಒಂದೊಂದು ಬುಡಕ್ಕೆ ಎಂಟ್ಹತ್ತು ಚಿಗುರು ಬಂದರೂ ಮೊದಲ ವರ್ಷ ಮುಟ್ಟಬೇಡಿ, ಬೇರಿಗೆ ಊಟ ಆ ಎಲೆಯಿಂದಲೇ. ಎರಡನೇ ಮಳೆಗಾಲ ಕಳೆದ ಮೇಲೆ ಮಣ್ಣಿಗೆ ಹತ್ತಿರ ಹುಟ್ಟಿದ ಎರಡನ್ನು ಇಟ್ಟು ಉಳಿದದ್ದು ತೆಗೆಯಿರಿ. ಕಡಿದ ಬುಡದ ಮೇಲ್ತುದಿಯಿಂದ ಹೊರಟದ್ದು, ಬುಡ ಕೊಳೆತು ಕುಂಬಾದಾಗ ಗಾಳಿಗೆ ಸೀಳಿಬೀಳುತ್ತದೆ.

ಪರಿಗೆ, ಕವಳಿ ಪೊದೆ ಮಾತ್ರ ಸವರಲೇಬೇಡಿ. ದನ ಬಾಯಿ ಹಾಕದ ಆ ಮುಳ್ಳಿನೊಳಗೆ ಪಿಕಳಾರ ಹಕ್ಕಿ ಉದುರಿಸಿದ ಬೀಜ ಹುಟ್ಟುತ್ತದೆ. ಬಿಡಿಸಿ ನೋಡಿದರೆ ಗೇಣುದ್ದದ ನೇರಳೆ ಸಸಿ, ತುದಿಯಲ್ಲಿ ಎರಡು ಕೆಂಪು ಎಲೆ. ಹಕ್ಕಿ ಕೂರಲೆಂದು ಬಿದಿರಿನ ಗಳ ನೆಟ್ಟೂ ನೋಡಿದೆ: ಅಡಿಯಲ್ಲಿ ಚಂದಕಲು ಮರದ ಸಸಿ ಬಂತು, ಜತೆಗೆ ಲಂಟಾನವೂ. ಈಗ ಗಳದ ಬದಲು ಹಸಿ ಕೊಂಬೆ ಊರುತ್ತೇನೆ. ಯಾವ ಮರದ್ದು ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಫೆಬ್ರವರಿಯೊಳಗೆ ಸುತ್ತ ಹತ್ತು-ಹನ್ನೆರಡು ಅಡಿ ದರಗು (ಒಣಎಲೆ) ಗುಡಿಸಿ, ಬೆಂಕಿ ಒಳಗೆ ದಾಟದಂತೆ ಬೆಂಕಿಗಡಿ ಮಾಡಿ. ಒಮ್ಮೆ ಬೆಂಕಿ ಹಾಯ್ದರೆ ನೆಲದಲ್ಲಿ ಬಿದ್ದಿದ್ದ ಅಕೇಶಿಯಾ ಬೀಜ ಒಟ್ಟಿಗೇ ಮೊಳೆಯುತ್ತದೆ. ಬೆರಳಲ್ಲಿ ಕೀಳುವಷ್ಟಿರುವಾಗಲೇ ಕೀಳಬೇಕು.

ಸಾಗುವಳಿ ಬಿಟ್ಟು ಹಡ್ಲುಬಿದ್ದ ಗದ್ದೆಗೆ ಈ ಲೆಕ್ಕ ಬರುವುದಿಲ್ಲ. ಅಲ್ಲಿ ಚಿಗುರಲು ಬುಡವೇ ಇಲ್ಲ, ನೀರು ನಿಂತು ಬೀಜ ಕೊಳೆಯುತ್ತದೆ. ಅಂಚು ಕಡಿದು ನೀರು ಹರಿಯಬಿಟ್ಟ ಎರಡು ಗದ್ದೆಗಳಲ್ಲಿ ಮಾತ್ರ ನನಗೆ ಸಸಿ ನಿಂತಿದೆ.