ಹೊನ್ನಾವರದಲ್ಲಿ ಉಳಿದುಕೊಂಡು ನೋಡಿ: ಕೋಟೆ, ಬಸದಿ, ಕಾಂಡ್ಲಾ ಕಾಡು, ಕಡಲಾಮೆ

ಉತ್ತರ ಕನ್ನಡದ ಕರಾವಳಿಗೆ ಹೋದವರು ಗೋಕರ್ಣ, ಮುರ್ಡೇಶ್ವರ ಮುಗಿಸಿ ವಾಪಸ್ ಬಸ್ ಹತ್ತುವುದೇ ಜಾಸ್ತಿ. ಹಾಗೆ ಮಾಡಬೇಡಿ. ಹೊನ್ನಾವರದಲ್ಲಿ ರೂಮ್ ಹಿಡಿಯಿರಿ. ಉತ್ತರಕ್ಕೆ ಕುಮಟಾ, ದಕ್ಷಿಣಕ್ಕೆ ಭಟ್ಕಳ, ಪೂರ್ವಕ್ಕೆ ಗೇರುಸೊಪ್ಪ. ಎಲ್ಲ ಕಡೆ ಹೋಗಿ ಸಂಜೆಯೊಳಗೆ ವಾಪಸ್ ಬರಬಹುದು, ದಿನಕ್ಕೊಂದು ದಿಕ್ಕು ಇಟ್ಟುಕೊಂಡರೆ ಸಾಕು.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ವಲಸೆ ಹಕ್ಕಿಗಳು ಬಂದಿರುತ್ತವೆ, ಕಡಲಾಮೆಗಳು ಮೊಟ್ಟೆ ಇಡುವ ಸಮಯವೂ ಅದೇ. ಹೊರಡುವ ಮೊದಲು ಮೊಬೈಲಿನಲ್ಲಿ ಒಂದು ವಿಷಯ ನೋಡಿಕೊಳ್ಳಿ: ಆ ದಿನಗಳಲ್ಲಿ ಸಮುದ್ರದ ಭರತ ಯಾವಾಗ, ಇಳಿತ ಯಾವಾಗ. ಇಲ್ಲಿ ಅರ್ಧ ಪ್ಲಾನ್ ಅದರ ಮೇಲೇ ನಿಂತಿದೆ.

ಹೊನ್ನಾವರದ ಪಕ್ಕದ ಕಾಸರಕೋಡಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಹಲಗೆ ಹಾಸಿದ ದಾರಿ ಇದೆ. ಭರತದಲ್ಲಿ ಹೋದರೆ ಕಾಲಡಿ ನೀರು, ಫೋಟೋಗೆ ಚೆಂದ. ಆದರೆ ನನ್ನ ಕೇಳಿದರೆ ಇಳಿತದಲ್ಲೇ ಹೋಗಿ. ಕೆಸರಿನಿಂದ ಮೇಲೆದ್ದ ಉಸಿರುಬೇರುಗಳು ಕಾಣುತ್ತವೆ. ಐದು ನಿಮಿಷ ಸುಮ್ನೆ ನಿಂತರೆ ಬಿಲದೊಳಗೆ ಓಡಿದ್ದ ಏಡಿಗಳು ಒಂದೊಂದಾಗಿ ಹೊರಗೆ ಬರುತ್ತವೆ, ಕಣ್ಣು ನೆತ್ತಿಯ ಮೇಲಿರುವ ಪುಟ್ಟ ಮೀನುಗಳು ಕೆಸರಿನ ಮೇಲೆ ರೆಕ್ಕೆಯೂರಿ ತೆವಳುತ್ತವೆ. ದೋಣಿ ಹತ್ತುವುದಾದರೆ ರೇಟು ಮೊದಲೇ ಮಾತಾಡಿಕೊಳ್ಳಿ.

ಕುಮಟಾ ಕಡೆ ಹೋದ ದಿನವೂ ಇಳಿತ ನೋಡಿಕೊಂಡೇ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಗೆ ಹೋಗಿ. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ ಜಾಗ ಇದು. ನೀರು ಇಳಿದಾಗ ಜನ ಬೆಳಚು (ತಿನ್ನುವ ಚಿಪ್ಪಿನ ಜೀವಿ) ಆರಿಸುತ್ತಿರುತ್ತಾರೆ, ಅದೇ ಕೆಸರಿನಲ್ಲಿ ಹಕ್ಕಿಗಳೂ ಮೇಯುತ್ತಿರುತ್ತವೆ. ಬೈನಾಕ್ಯುಲರ್ ಇದ್ದರೆ ತನ್ನಿ. ದುಡಿಯುವವರ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮೊದಲು ಕೇಳಿ. ಹತ್ತಿರದ ಮಿರ್ಜಾನ್ ಕೋಟೆಗೆ ಬೆಳಿಗ್ಗೆಯೇ ಹೋಗಿಬಿಡಿ, ಮಧ್ಯಾಹ್ನ ಚಿರೆಕಲ್ಲು ಕಾದಿರುತ್ತದೆ. ಮಳೆಗಾಲದಲ್ಲಿ ಇಡೀ ಕೋಟೆ ಹಸಿರಾಗಿ ಕಾಣುತ್ತದೆ ನಿಜ, ಪಾಚಿಗೆ ಕಾಲು ಜಾರುವುದೂ ಅಷ್ಟೇ ನಿಜ.

ಈ ಕೋಟೆ ಅಂದರೆ ನೆನಪಾಗುವುದು 16ನೇ ಶತಮಾನದ ಗೇರುಸೊಪ್ಪದ ರಾಣಿ ಚೆನ್ನಭೈರಾದೇವಿ, ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೆದದ್ದು ಅವಳನ್ನೇ. ಹಾಗಾಗಿ ಮಾರನೇ ದಿನ ಅವಳ ರಾಜಧಾನಿಗೇ ಹೋಗಿ. ಗೇರುಸೊಪ್ಪದ ಚತುರ್ಮುಖ ಬಸದಿ ಶರಾವತಿಯ ಆಚೆ ದಡದಲ್ಲಿ ಕಾಡಿನ ಮಧ್ಯೆ ಇದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಒಳಗೆ ಬೆನ್ನಿಗೆ ಬೆನ್ನು ಕೊಟ್ಟು ಕೂತ ನಾಲ್ಕು ತೀರ್ಥಂಕರರು. ಯಾವ ಬಾಗಿಲಲ್ಲಿ ಇಣುಕಿದರೂ ಒಬ್ಬರು ನಿಮ್ಮನ್ನೇ ನೋಡುತ್ತಿರುತ್ತಾರೆ. ಬಸ್ ನಂಬಬೇಡಿ, ಆಟೋ ಅಥವಾ ಕಾರು ಮಾಡಿಕೊಂಡು ಅಲ್ಲೇ ಕಾಯಲು ಹೇಳಿ. ನೀರು, ತಿಂಡಿ ಹೊನ್ನಾವರದಿಂದಲೇ ತನ್ನಿ. ಮಳೆ ನಿಂತ ಹೊಸದರಲ್ಲಾದರೆ ಉಂಬಳ (ಜಿಗಣೆ) ಇರುತ್ತದೆ, ಕಾಲು ನೋಡಿಕೊಳ್ಳಿ.

ಅಲ್ಲಿಂದ ಜೋಗದ ಕಡೆ ಘಾಟಿ ಹತ್ತಿದರೆ ಸಿಂಗಳೀಕದ ಕಾಡು. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಯಲ್ಲಿ ಕುಚ್ಚು ಇದ್ದರೆ ಅದು ಸಿಂಗಳೀಕ. ಉದ್ದ ಬಾಲದ ಬೂದು ಮುಸಿಯ ನೋಡಿ ಅದೇ ಅಂದುಕೊಳ್ಳಬೇಡಿ. ಸಿಂಗಳೀಕ ಮರದ ಮೇಲೇ ಬದುಕುವ ಪ್ರಾಣಿ. ಬಿಸ್ಕೆಟ್ ತೋರಿಸಿ ರಸ್ತೆಗೆ ಇಳಿಸಿದರೆ ಗಾಡಿಗೆ ಸಿಕ್ಕಿ ಸಾಯುತ್ತದೆ. ದಯವಿಟ್ಟು ಬೇಡ.

ಭಟ್ಕಳಕ್ಕೆ ಅರ್ಧ ದಿನ ಸಾಕು, ಆದರೆ ಆತುರ ಬೇಡ. ಮೂಡಭಟ್ಕಳದ ಕೇತಪೈ ನಾರಾಯಣ ದೇವಸ್ಥಾನದ ಚಾವಣಿ ನೋಡಿ. ಕರಾವಳಿ ಮನೆಯ ಹೆಂಚಿನ ಮಾಡಿನ ಇಳಿಜಾರೇ, ಆದರೆ ಇಲ್ಲಿ ಹೆಂಚಿಲ್ಲ, ದೊಡ್ಡ ದೊಡ್ಡ ಕಲ್ಲುಚಪ್ಪಡಿ. ಗೋಡೆಯ ಬದಲು ಕಲ್ಲಿನ ಜಾಲಂದ್ರ, ಮರಗೆಲಸದವನ ಕೈಯಿಂದ ಬಂದ ಹಾಗಿದೆ. ಈ ಮಳೆಗೆ ಬೇರೆ ಥರ ಕಟ್ಟಿದರೆ ನಡೆಯೋದಿಲ್ಲ ಅಲ್ವಾ? ರಾಮಾಯಣದ ಕೆತ್ತನೆಗಳೂ ಇವೆ, ಮಕ್ಕಳಿದ್ದರೆ ಕಥೆ ಗುರುತಿಸಲು ಹೇಳಿ. ಪೇಟೆಯ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯನ್ನೂ ಬಿಡಬೇಡಿ.

ಇನ್ನು ಕಡಲಾಮೆ. ಕಾಸರಕೋಡಿನ ಟೊಂಕಾ ಕಡೆಯ ಮರಳಿನಲ್ಲಿ ಅವು ಮೊಟ್ಟೆ ಇಡುತ್ತವೆ. ರಾತ್ರಿ ನೀವೇ ಟಾರ್ಚ್ ಹಿಡಿದು ಹುಡುಕಲು ಹೋಗಬೇಡಿ. ಬೆಳಕು ಕಂಡರೆ ದಡಕ್ಕೆ ಬಂದ ಆಮೆ ಹಾಗೇ ತಿರುಗಿ ಹೋಗಬಹುದು, ಮರಿಗಳು ಸಮುದ್ರ ಬಿಟ್ಟು ಬೆಳಕಿನ ಕಡೆಗೇ ಹೊರಡುತ್ತವೆ. ಹೊನ್ನಾವರದ ಅರಣ್ಯ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಮೊಟ್ಟೆಯೊಡೆದು ಮರಿ ಬರಲು ಒಂದೂವರೆ ಎರಡು ತಿಂಗಳು ಹಿಡಿಯುವುದರಿಂದ, ಮರಿಗಳನ್ನು ಬಿಡುವುದು ನೋಡಬೇಕಿದ್ದರೆ ಫೆಬ್ರವರಿಯ ಕೊನೆಗೆ ಬರುವುದು ವಾಸಿ.