ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸುವ ಶಾಲಾ ವರ್ತಮಾನ: ನನ್ನ ಅನುಭವ

ಮಲ್ಪೆ ಬಂದರಿಗೆ ಹತ್ತಿರದ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿರುವ ನಾನು ಕೆಲವು ವರ್ಷಗಳಿಂದ ಪಾಠದ ಜೊತೆಗೆ ಇನ್ನೊಂದು ಹೊಣೆಯನ್ನೂ ನೋಡಿಕೊಂಡು ಬಂದಿದ್ದೇನೆ. ತಿಂಗಳ ಕೊನೆಯ ಕೆಲಸದ ದಿನ ನಮ್ಮ ಶಾಲೆಯಿಂದ ಮನೆಗೊಂದರಂತೆ ಎ4 ಅಳತೆಯ ಒಂದು ಹಾಳೆ ಹೋಗುತ್ತದೆ. ಅದರ ಒಂದು ಮಗ್ಗುಲಲ್ಲಿ ಬರುವ ತಿಂಗಳು ಶಾಲೆಯಲ್ಲಿ ನಡೆಯಲಿರುವ ಕಾರ್ಯಕ್ರಮಗಳು ಇರುತ್ತವೆ, ಮತ್ತೊಂದು ಮಗ್ಗುಲಲ್ಲಿ ಕಳೆದ ತಿಂಗಳ ಸುದ್ದಿ. ಬರುವ ತಿಂಗಳಿನ ಮಗ್ಗುಲೇ ಮುಖಪುಟ. ಸಾಮಾನ್ಯವಾಗಿ ಶಾಲಾ ಪತ್ರಿಕೆಗಳಲ್ಲಿ ಸನ್ಮಾನ, ಬಹುಮಾನ, ಉದ್ಘಾಟನೆಗಳ ವರದಿಯೇ ಮುಂದೆ ಬಂದು ಮುಂದಿನ ಕಾರ್ಯಕ್ರಮಗಳು ಕೊನೆಯ ಮೂಲೆಗೆ ಸೇರುತ್ತವೆ. ಆದರೆ ದುಡಿದು ತಿನ್ನುವ ಮನೆಯವರಿಗೆ ಶಾಲೆಯಿಂದ ಮೊದಲು ಬೇಕಾಗುವುದು ಯಾವ ದಿನ ಏನಿದೆ, ಅದಕ್ಕೆ ತಾವೇನು ಮಾಡಬೇಕು ಎಂಬ ತಿಳಿವಳಿಕೆ ಎಂದು ನಾನು ನಂಬಿದ್ದೇನೆ.

ವಾಟ್ಸಾಪ್ ಗುಂಪು ಇರುವಾಗ ಕಾಗದವೇಕೆ ಎಂದು ಕೇಳಿದವರಿದ್ದಾರೆ. ಗುಂಪು ನಮ್ಮಲ್ಲೂ ಇದೆ, ತುರ್ತು ಸಂಗತಿಗಳಿಗೆ ಅದನ್ನೇ ಬಳಸುತ್ತೇವೆ. ಆದರೆ ಅನೇಕ ಮನೆಗಳಲ್ಲಿ ಇಂಟರ್‌ನೆಟ್ ಇರುವ ಮೊಬೈಲ್ ಒಂದೇ. ಅದು ತಂದೆಯ ಜೊತೆ ಆಳಸಮುದ್ರದ ಬೋಟು ಹತ್ತಿದರೆ ಮತ್ತೆ ಮನೆಗೆ ಬರುವುದು ವಾರ, ಹತ್ತು ದಿನ ಕಳೆದ ಮೇಲೆ. ಅಷ್ಟರೊಳಗೆ ನಮ್ಮ ಸೂಚನೆಯು ಶುಭೋದಯದ ಚಿತ್ರಗಳ ಅಡಿಗೆ ಹೋಗಿರುತ್ತದೆ. ಹಾಳೆಯ ನೆತ್ತಿಯಲ್ಲಿ ಪಂಚಿಂಗ್ ಮಷಿನ್ನಿನಿಂದ ಒಂದು ತೂತು ಮಾಡಿ ಕಳುಹಿಸಲು ತೊಡಗಿದ ಮೇಲೆ ಹೆಚ್ಚಿನ ಮನೆಗಳಲ್ಲಿ ಅದು ಕ್ಯಾಲೆಂಡರಿನ ಮೊಳೆಗೆ ಸೇರಿತು. ನಮ್ಮ ಇಡೀ ಯೋಜನೆಯಲ್ಲಿ ಅತ್ಯಂತ ಕಡಿಮೆ ಖರ್ಚಿನ, ಅತ್ಯಂತ ಹೆಚ್ಚು ಪ್ರಯೋಜನದ ಭಾಗವೆಂದರೆ ಆ ತೂತು.

ಒಕ್ಕಣೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇಲಾಖೆಯ ಸುತ್ತೋಲೆಗಳನ್ನು ಓದಿ ಓದಿ ಶಿಕ್ಷಕರಾದ ನಮ್ಮ ಕೈಗೂ ಅದೇ ಧಾಟಿ ಅಂಟಿಕೊಂಡಿರುತ್ತದೆ. ‘ಕ್ಲಸ್ಟರ್ ಮಟ್ಟದ ಪ್ರತಿಭಾ ಕಾರಂಜಿಯು ನಡೆಯಲಿದ್ದು ಪೋಷಕರು ಸಂಪೂರ್ಣವಾಗಿ ಸಹಕರಿಸಬೇಕಾಗಿ ವಿನಂತಿ’ ಎಂದು ಬರೆದರೆ ಬಸಳೆ ಕೊಯ್ಯುತ್ತಿರುವ ತಾಯಿಗೆ ತಾನು ಮಾಡಬೇಕಾದದ್ದೇನು ಎಂಬುದು ತಿಳಿಯುವುದಿಲ್ಲ. ಆದ್ದರಿಂದ ಪ್ರತಿ ಕಾರ್ಯಕ್ರಮಕ್ಕೂ ವಾರ, ತಾರೀಕು, ಮಗು ಎಷ್ಟು ಗಂಟೆಗೆ ಎಲ್ಲಿರಬೇಕು, ಊಟ ಎಲ್ಲಿ, ಮನೆಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ, ಹಣ ಬೇಕೋ ಬೇಡವೋ ಎಂಬ ಕ್ರಮದಲ್ಲಿ ಮಾತ್ರ ಬರೆಯುತ್ತೇನೆ. ‘ಗುರುವಾರ ಪ್ರತಿಭಾ ಕಾರಂಜಿ. ಹೆಸರು ಕೊಟ್ಟ ಮಕ್ಕಳು ಬೆಳಿಗ್ಗೆ 8.15ಕ್ಕೆ ಶಾಲೆಯಲ್ಲಿರಬೇಕು. ಊಟ ಅಲ್ಲಿಯೇ. ಸಂಜೆ 5 ಗಂಟೆಗೆ ಶಾಲೆಗೆ ವಾಪಸು ಬರುತ್ತೇವೆ, ಯಾರಾದರೂ ಬಂದು ಕರೆದುಕೊಂಡು ಹೋಗಬೇಕು. ಹಣ ಬೇಡ.’ ‘ಹಣ ಬೇಡ’ ಎಂಬುದನ್ನು ಬರೆಯದಿದ್ದರೆ ಕೆಲವು ಮಕ್ಕಳು ಆ ದಿನ ಹೊಟ್ಟೆನೋವೆಂದು ಮನೆಯಲ್ಲೇ ಉಳಿಯುತ್ತಾರೆ. ಕೇಳಲು ಸಂಕೋಚಪಡುವ ಮನೆಗಳಿಗಾಗಿ ಅದನ್ನು ಪ್ರತಿ ಸಲವೂ ಬರೆಯುವುದೇ ಸರಿ.

ವಾಕ್ಯಗಳು ಚಿಕ್ಕದಾಗಿರಬೇಕಾದುದಕ್ಕೆ ಇನ್ನೊಂದು ಕಾರಣವಿದೆ. ಹಾಳೆಯನ್ನು ಮನೆಯಲ್ಲಿ ಓದಿ ಹೇಳುವವರು ಮಕ್ಕಳೇ. ನಮ್ಮ ಮಕ್ಕಳ ಮನೆಮಾತು ಹೆಚ್ಚಾಗಿ ತುಳು, ಕೆಲವರದು ಕೊಂಕಣಿ, ಕೆಲವರದು ಬ್ಯಾರಿ. ಕಟ್ಟಡದ ಕೆಲಸಕ್ಕೆ ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಬಂದ ಕುಟುಂಬಗಳದು ನಮ್ಮದಕ್ಕಿಂತ ಬೇರೆಯೇ ಕನ್ನಡ. ಹಾಳೆ ಕೊಟ್ಟ ದಿನದ ಮನೆಗೆಲಸವೆಂದರೆ ಅದನ್ನು ಮನೆಯ ಹಿರಿಯರೊಬ್ಬರಿಗೆ ಗಟ್ಟಿಯಾಗಿ ಓದಿ, ಬೇಕಾದರೆ ಅವರ ಭಾಷೆಯಲ್ಲಿ ಹೇಳಿ, ಕೆಳಗೆ ಅವರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ ತರಗತಿಯಲ್ಲಿ ತೋರಿಸುವುದು. ನಾಲ್ಕನೆಯ ತರಗತಿಯ ಮಗು ಎಡವದೆ ಓದುವಂತಿದೆಯೇ ಎಂದು ಝೆರಾಕ್ಸಿಗೆ ಕೊಡುವ ಮುಂಚೆ ಆ ತರಗತಿಯ ಒಬ್ಬರಿಂದ ಓದಿಸಿ ನೋಡುತ್ತೇನೆ, ಮಗು ನಿಂತಲ್ಲಿ ವಾಕ್ಯವನ್ನು ಮುರಿಯುತ್ತೇನೆ. ಮುಖ್ಯ ಶಿಕ್ಷಕರ ತಿದ್ದುಪಡಿಗಿಂತ ಈ ತಿದ್ದುಪಡಿಯನ್ನು ನಾನು ಹೆಚ್ಚು ನೆಚ್ಚಿಕೊಂಡಿದ್ದೇನೆ ಎಂದರೆ ಅವರು ಬೇಸರಿಸಲಾರರು.

ಕಾರ್ಯಕ್ರಮಗಳ ದಿನ ನಿಗದಿ ಮಾಡುವಲ್ಲಿ ಶಾಲೆಯ ಕ್ಯಾಲೆಂಡರಿನಷ್ಟೇ ಊರಿನ ಕ್ಯಾಲೆಂಡರನ್ನೂ ಎದುರಿಗಿಟ್ಟುಕೊಳ್ಳಬೇಕೆಂಬುದು ಇಲ್ಲಿ ಕೆಲಸ ಮಾಡುತ್ತಾ ಗಟ್ಟಿಯಾದ ನನ್ನ ಅಭಿಪ್ರಾಯ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ತಂದೆಯಂದಿರು ಬಲೆ ಹೆಣೆಯುತ್ತಲೋ ಬೋಟಿನ ರಿಪೇರಿ ಮಾಡಿಸುತ್ತಲೋ ಊರಿನಲ್ಲೇ ಇರುತ್ತಾರೆ. ವರ್ಷದ ಮೊದಲ ಪೋಷಕರ ಸಭೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಮುಖ್ಯ ನಿರ್ಣಯಗಳು, ಶಾಲೆಯ ಹೆಂಚು ಹೊದಿಸುವಂಥ ಶ್ರಮದಾನದ ಮಾತುಕತೆ, ಇವೆಲ್ಲವನ್ನೂ ಜುಲೈಯೊಳಗೆ ಮುಗಿಸಲು ನೋಡುತ್ತೇವೆ. ಆಗಸ್ಟ್ ತಿಂಗಳ ಸಭೆಗೆ ತಂದೆಯಂದಿರು ಬರುವುದಿಲ್ಲವೆಂದು ದೂರುವುದರಲ್ಲಿ ಅರ್ಥವಿಲ್ಲ, ಅವರು ಕಡಲಿನಲ್ಲಿರುತ್ತಾರೆ. ತಾಯಂದಿರ ಪೈಕಿ ಮೀನು ಮಾರುವವರು ಬೆಳಗ್ಗಿನ ಹೊತ್ತು ಸಿಗುವುದಿಲ್ಲ, ಬೀಡಿ ಕಟ್ಟುವವರು ಬ್ರಾಂಚಿಗೆ ಬೀಡಿ ಒಯ್ಯುವ ದಿನ ಸಿಗುವುದಿಲ್ಲ. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಕಾಯ್ದೆ, 2009ರ 21ನೆಯ ಸೆಕ್ಷನ್ನಿನ ಪ್ರಕಾರ ಶಾಲಾ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರೂ, ಅರ್ಧದಷ್ಟು ಮಹಿಳೆಯರೂ ಇರಬೇಕು. ಆ ಮಹಿಳಾ ಸದಸ್ಯರಲ್ಲಿ ಇಬ್ಬರು ಕರಡನ್ನು ನೋಡಿ, ‘ಈ ದಿನ ಬೇಡ ಟೀಚರ್, ಆಚೆ ವಾರ ಇಡಿ’ ಎಂದರೆ ನಾವು ದಿನ ಬದಲಿಸುತ್ತೇವೆ. ಸಮಿತಿಯ ಸಭಾ ಪುಸ್ತಕದಲ್ಲಿ ಇಂಥ ಮಾತುಗಳು ದಾಖಲಾಗುವುದಿಲ್ಲವಾದರೂ ಸಭೆಗೆ ಕುರ್ಚಿಗಳು ತುಂಬುವುದು ಇದರಿಂದಲೇ.

ಹಬ್ಬಗಳ ವಿಷಯದಲ್ಲೂ ಉಡುಪಿಗೆ ತನ್ನದೇ ಲೆಕ್ಕವಿದೆ. ಕೃಷ್ಣಮಠದಲ್ಲಿ ಸೌರ ಪಂಚಾಂಗದಂತೆ ಅಷ್ಟಮಿ ಆಚರಿಸುವುದರಿಂದ ಕೆಲವು ವರ್ಷ ಅದು ಸರಕಾರಿ ರಜೆಯ ಪಟ್ಟಿಯಲ್ಲಿರುವ ದಿನದಂದೇ ಬರುವುದಿಲ್ಲ, ಮರುದಿನ ಮೊಸರುಕುಡಿಕೆಯ ಉತ್ಸವವಾದ ವಿಟ್ಲಪಿಂಡಿ ಬೇರೆ. ಹುಲಿವೇಷದ ತಾಸೆಯ ಸದ್ದು ಕಿವಿಗೆ ಬಿದ್ದ ಮೇಲೆ ಮಕ್ಕಳನ್ನು ಕಿರುಪರೀಕ್ಷೆಗೆ ಕೂರಿಸುವುದು ಯಾವ ಶಿಕ್ಷಕರಿಂದಲೂ ಆಗದ ಮಾತು. ಎರಡು ವರ್ಷಗಳಿಗೊಮ್ಮೆ, 2022, 2024, 2026ರಂತೆ ಸಮಸಂಖ್ಯೆಯ ವರ್ಷಗಳಲ್ಲಿ, ಜನವರಿ 18ರಂದು ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ನಡೆಯುತ್ತದೆ. ಅದರ ಆಸುಪಾಸಿನಲ್ಲಿ ಬಸ್ಸುಗಳ ದಾರಿ ಬದಲಾಗುವುದರಿಂದ ಆ ವಾರ ಮಕ್ಕಳನ್ನು ಹೊರಗೆ ಕರೆದೊಯ್ಯುವ ಕಾರ್ಯಕ್ರಮ ಇಟ್ಟುಕೊಳ್ಳುವುದಿಲ್ಲ.

ಎಲ್ಲಕ್ಕಿಂತ ಕಷ್ಟ ವಾರ್ಷಿಕೋತ್ಸವದ ದಿನ ಹುಡುಕುವುದು. ಮಳೆ ನಿಂತು ದೀಪಾವಳಿ ಕಳೆಯಿತೆಂದರೆ ಯಕ್ಷಗಾನ ಮೇಳಗಳ ತಿರುಗಾಟ ಶುರುವಾಗುತ್ತದೆ. ನೇಮ, ಕೋಲ, ಕಂಬಳ, ಭಜನಾ ಮಂದಿರದ ಮಂಗಲೋತ್ಸವ, ಹತ್ತಿರದ ಇತರ ಶಾಲೆಗಳ ವಾರ್ಷಿಕೋತ್ಸವ, ಎಲ್ಲವೂ ಅದೇ ಕೆಲವು ತಿಂಗಳೊಳಗೆ. ಹರಕೆಯ ಬಯಲಾಟ ಊರಿನಲ್ಲಿದ್ದ ರಾತ್ರಿ ನಮ್ಮ ಕಾರ್ಯಕ್ರಮಕ್ಕೆ ಜನ ಸೇರುವುದಿಲ್ಲ, ಶಾಮಿಯಾನ ಮತ್ತು ಧ್ವನಿವರ್ಧಕದವರೂ ಸಿಗುವುದಿಲ್ಲ. ಆದ್ದರಿಂದ ಅಕ್ಟೋಬರಿನಲ್ಲೇ ಹಳೆ ವಿದ್ಯಾರ್ಥಿ ಸಂಘದವರೊಂದಿಗೆ ಕುಳಿತು ಊರಿನ ದೈವಸ್ಥಾನ, ದೇವಸ್ಥಾನ, ಮಸೀದಿ, ಇಗರ್ಜಿಗಳ ವಿಶೇಷ ದಿನಗಳನ್ನೆಲ್ಲ ಬರೆದುಕೊಂಡು ಖಾಲಿ ಶನಿವಾರವೊಂದನ್ನು ಹಿಡಿಯುತ್ತೇವೆ. ಆ ದಿನವನ್ನು ನವೆಂಬರ್ ಹಾಳೆಯಲ್ಲೇ ಪ್ರಕಟಿಸುವುದರಿಂದ ಮುಂಬೈಯಲ್ಲಿರುವ ಹಳೆ ವಿದ್ಯಾರ್ಥಿಗಳಿಗೆ ರೈಲಿನ ಟಿಕೆಟ್ ಮಾಡಿಸಲು ಸಮಯ ಸಿಗುತ್ತದೆ. ಅವರು ಬಂದರೆ ಮಕ್ಕಳಿಗೆ ಬಹುಮಾನದ ಖರ್ಚು ಎದ್ದಂತೆಯೇ. ಒಮ್ಮೆ ದಿನ ಗೊತ್ತಾದರೆ ನೃತ್ಯದ ಉಡುಗೆ, ಯಕ್ಷಗಾನದ ವೇಷಭೂಷಣ, ಮಕ್ಕಳ ನಾಟಕದ ಅಭ್ಯಾಸದ ವೇಳೆ ಎಲ್ಲವನ್ನೂ ಡಿಸೆಂಬರಿನ ಹಾಳೆಯಲ್ಲಿ ತರಗತಿವಾರು ಕೊಡುತ್ತೇವೆ. ಬಾಡಿಗೆ ಉಡುಗೆಗೆ ಹಣ ಕೊಡಿಸುವ ನೃತ್ಯಗಳನ್ನು ಒಪ್ಪಬಾರದೆಂಬುದು ನನ್ನ ಹಟ. ಇದಕ್ಕೆ ಎಲ್ಲ ಸಹೋದ್ಯೋಗಿಗಳ ಒಪ್ಪಿಗೆಯಿಲ್ಲ.

ಮಳೆಗಾಲದಲ್ಲಿ ಹಾಳೆಯ ಕೆಲಸವೇ ಬೇರೆ. ಜೂನ್, ಜುಲೈಯಲ್ಲಿ ಭಾರೀ ಮಳೆಯ ಮುನ್ಸೂಚನೆ ಬಂದಾಗ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರುತ್ತಾರೆ. ಆ ಆದೇಶಕ್ಕಿಂತ ಮೊದಲೇ ಹಿಂದಿನ ವರ್ಷದ ಆದೇಶದ ತಾರೀಕು ತಿದ್ದಿದ ಚಿತ್ರವೊಂದು ಮೊಬೈಲುಗಳಲ್ಲಿ ಓಡಾಡುವುದು ಇಲ್ಲಿ ಹೊಸದೇನಲ್ಲ. ಜೂನ್ ಹಾಳೆಯ ತಲೆಯಲ್ಲಿ ದಪ್ಪ ಅಕ್ಷರದಲ್ಲಿ ಒಂದೇ ನಿಯಮ ಹಾಕುತ್ತೇವೆ: ಮುಖ್ಯ ಶಿಕ್ಷಕರ ಸಂಖ್ಯೆಯಿಂದ ಬಂದರೆ ಮಾತ್ರ ರಜೆ, ಬಾರದಿದ್ದರೆ ಶಾಲೆಯಿದೆ, ಆದರೆ ತೋಡು ಉಕ್ಕಿದ್ದರೆ ಅಥವಾ ದಾರಿಯಲ್ಲಿ ತಂತಿ ಕಡಿದು ಬಿದ್ದಿದ್ದರೆ ಯಾರನ್ನೂ ಕೇಳದೆ ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳಿ. ಕಳೆದುಹೋದ ದಿನಗಳನ್ನು ಸರಿದೂಗಿಸಲು ಶನಿವಾರ ಮಧ್ಯಾಹ್ನವೂ ತರಗತಿ ನಡೆಸುವುದಿದ್ದರೆ ಯಾವ ಯಾವ ಶನಿವಾರವೆಂಬುದು ಮುಂದಿನ ಹಾಳೆಯಲ್ಲಿರುತ್ತದೆ. ಆ ದಿನಗಳಲ್ಲಿ ಊಟ ಉಂಟೇ ಎಂಬುದನ್ನೂ ತಪ್ಪದೆ ಬರೆಯುತ್ತೇವೆ.

ಹಾಳೆಯ ಅಡಿಯಲ್ಲಿ ಕತ್ತರಿಸಿ ಕೊಡುವ ಚೀಟಿಯಿದೆ. ವರ್ಷಾರಂಭದ ಚೀಟಿಯಲ್ಲಿ ಬಿಸಿಯೂಟದ ಜೊತೆ ಮಗುವಿಗೆ ಮೊಟ್ಟೆಯೋ, ಬಾಳೆಹಣ್ಣೋ ಎಂಬುದಕ್ಕೆ ಗುರುತು ಹಾಕಿಸಿಕೊಳ್ಳುತ್ತೇವೆ. ಮಗುವನ್ನೇ ಎಲ್ಲರೆದುರು ಕೇಳುವುದಕ್ಕಿಂತ ಇದು ಮರ್ಯಾದೆಯ ಕ್ರಮ. ಫೆಬ್ರವರಿ ಮತ್ತು ಆಗಸ್ಟಿನಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಅಲ್ಬೆಂಡಜೋಲ್ ಮಾತ್ರೆ, 10 ವರ್ಷವಾದ ಮಕ್ಕಳಿಗೆ ಧನುರ್ವಾಯು ಮತ್ತು ಡಿಫ್ತೀರಿಯಾ ತಡೆಯುವ ಟಿಡಿ ಲಸಿಕೆ, ಇವುಗಳ ಬಗ್ಗೆ ಮೊದಲೇ ತಿಳಿಸಿ, ಮಗುವಿಗೆ ಜ್ವರವೋ ಬೇರೆ ಔಷಧಿಯೋ ಇದ್ದರೆ ಬರೆದು ಕೊಡಲು ಜಾಗ ಬಿಡುತ್ತೇವೆ. ಐದನೆಯ ತರಗತಿಯ ಮಕ್ಕಳ ಮನೆಗೆ ನವೋದಯ ಪ್ರವೇಶ ಪರೀಕ್ಷೆಯ ಸುದ್ದಿ ಸಮಯಕ್ಕೆ ಮುಟ್ಟುವುದೂ ಅಷ್ಟೇ ಮುಖ್ಯ. ನಮ್ಮ ಜಿಲ್ಲೆಯ ನವೋದಯ ವಿದ್ಯಾಲಯ ಹೆಬ್ರಿ ಬಳಿಯ ಚಾರದಲ್ಲಿದೆ, ಅರ್ಜಿಗೆ ಶುಲ್ಕವಿಲ್ಲ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗಲು ಒಂದು ದಿನದ ಕೂಲಿ ಬಿಡಬೇಕಾಗುವುದರಿಂದ ಅದನ್ನು ಕೊನೆಯ ದಿನದ ತುರ್ತಾಗಿ ಎಂದೂ ಹೇಳಬಾರದು, ಎರಡು ತಿಂಗಳು ಮೊದಲೇ ಹಾಳೆಯಲ್ಲಿ ಹಾಕಬೇಕು.

ಇನ್ನು ಸುದ್ದಿಯ ಮಗ್ಗುಲು. ಇಲ್ಲಿ ನಾನು ಇಟ್ಟುಕೊಂಡ ಕಟ್ಟಳೆಯೆಂದರೆ ವರ್ಷ ಮುಗಿಯುವುದರೊಳಗೆ ಶಾಲೆಯ ಪ್ರತಿಯೊಂದು ಮಗುವಿನ ಹೆಸರೂ ಒಮ್ಮೆಯಾದರೂ ಅಚ್ಚಾಗಬೇಕು. ಹಾಜರಿ ಪಟ್ಟಿಯ ಪ್ರತಿಯೊಂದರಲ್ಲಿ ಹೆಸರು ಬಂದವರಿಗೆ ಗುರುತು ಹಾಕುತ್ತಾ ಹೋಗುತ್ತೇನೆ. ಗುರುತಿಲ್ಲದ ಮಕ್ಕಳನ್ನು ಜನವರಿಯಿಂದ ವಿಶೇಷವಾಗಿ ಗಮನಿಸತೊಡಗಿದರೆ ಬಹುಮಾನದ ಸುದ್ದಿಗಿಂತ ಓದಲು ಚೆನ್ನಾಗಿರುವ ಸುದ್ದಿಗಳೇ ಸಿಗುತ್ತವೆ: ಗ್ರಂಥಾಲಯದ ಹರಿದ ಪುಸ್ತಕಗಳಿಗೆ ಬೈಂಡ್ ಹಾಕಿದವರು, ಒಂದನೆಯ ತರಗತಿಯ ತಂಗಿಯರಿಗೆ ಕೈತೊಳೆಯುವ ಸಾಲಿನಲ್ಲಿ ನಿಲ್ಲಲು ಕಲಿಸಿದವರು, ಕೈರಂಪಣಿ ಬಲೆ ಎಳೆಯುವುದನ್ನು ನೋಡಿ ಬಂದು ಅದರಲ್ಲಿ ಸಿಕ್ಕ ಮೀನುಗಳ ಹೆಸರನ್ನೆಲ್ಲ ಪಟ್ಟಿ ಮಾಡಿದವರು. ಮಕ್ಕಳೇ ಸಂತೆ ನಡೆಸುವ ಮೆಟ್ರಿಕ್ ಮೇಳದಲ್ಲಿ ತರಕಾರಿ ಮಾರಿದ ಮಕ್ಕಳ ಲಾಭ-ನಷ್ಟದ ಲೆಕ್ಕವನ್ನು ಅವರ ಕೈಬರಹದಲ್ಲೇ ಹಾಕಿದ್ದ ತಿಂಗಳು ಪ್ರತಿಗಳು ಸಾಲದೆ ಮತ್ತೆ ಝೆರಾಕ್ಸ್ ಮಾಡಿಸಬೇಕಾಯಿತು.

ಅಂಕ, ರ‍್ಯಾಂಕ್, ವಿದ್ಯಾರ್ಥಿವೇತನ ಪಡೆದವರ ಪಟ್ಟಿ, ಗೈರುಹಾಜರಾದವರ ಹೆಸರು ಇವು ಯಾವುವೂ ಹಾಳೆಗೆ ಬರಬಾರದು. ಮಕ್ಕಳ ಭಾವಚಿತ್ರವನ್ನು ಮನೆಯವರು ಬರೆದು ಒಪ್ಪಿಗೆ ಕೊಟ್ಟರಷ್ಟೇ ಹಾಕುತ್ತೇವೆ. ಅದರ ಬದಲು ಶಾಲೆಗೆ ಬಂದ ದೇಣಿಗೆ ಮತ್ತು ಅದರ ಖರ್ಚು ಎರಡನ್ನೂ ಪ್ರತಿ ತಿಂಗಳು ಚಿಕ್ಕ ಚೌಕದಲ್ಲಿ ಹಾಕುತ್ತೇವೆ. ಒಬ್ಬರು ಕೊಟ್ಟ ಹತ್ತು ತೆಂಗಿನಕಾಯಿಯೂ ಅಲ್ಲಿ ಬರುತ್ತದೆ.

ಜುಲೈ 1 ಕನ್ನಡಿಗರಿಗೆ ಪತ್ರಿಕಾ ದಿನ. 1843ರ ಆ ದಿನ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದರು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಅದು ಮರುವರ್ಷವೇ ಬಳ್ಳಾರಿಗೆ ಹೋಯಿತು. ಈ ಸಂಗತಿಯನ್ನು ಹೇಳಿ ಆ ದಿನವೇ ಆರು ಮತ್ತು ಏಳನೆಯ ತರಗತಿಗಳಿಂದ ವರ್ಷದ ವರದಿಗಾರರನ್ನು ಆರಿಸುತ್ತೇವೆ. ಅಡುಗೆಯಕ್ಕ, ಅಂಗನವಾಡಿ ಟೀಚರ್, ಪಂಚಾಯತ್ ಗ್ರಂಥಾಲಯದವರು, ಇವರನ್ನೆಲ್ಲ ಮಾತನಾಡಿಸಿ ಸುದ್ದಿ ತರುವುದು ಅವರ ಕೆಲಸ. ಮಕ್ಕಳ ಗ್ರಾಮಸಭೆಯಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರ ಬಂತೇ ಎಂದು ವಿಚಾರಿಸುವುದನ್ನೂ ಅವರಿಗೇ ಬಿಟ್ಟಿದ್ದೇನೆ, ದೊಡ್ಡವರು ಕೇಳುವುದಕ್ಕಿಂತ ಅವರು ಕೇಳಿದರೆ ಉತ್ತರ ಬೇಗ ಸಿಗುತ್ತದೆ.

ಪ್ರತಿ ತಿಂಗಳ ಹಾಳೆಯ ಒಂದು ಪ್ರತಿಯನ್ನು, ಅದಕ್ಕೆ ಬೇಕಾದ ಊರಿನ ದಿನಗಳ ಟಿಪ್ಪಣಿಯೊಂದಿಗೆ, ತಿಂಗಳವಾರು ಫೈಲಿನಲ್ಲಿ ಇಟ್ಟಿದ್ದೇನೆ. ವರ್ಗಾವಣೆ ಎಂಬುದು ಯಾವ ವರ್ಷ ಯಾರಿಗೆ ಬರುತ್ತದೋ ಹೇಳಲಾಗದು. ನನ್ನ ನಂತರ ಬರುವವರು ಘಟ್ಟದ ಮೇಲಿನವರಾದರೂ ಆಗಸ್ಟಿನ ಫೈಲು ತೆರೆದರೆ ಬೋಟುಗಳು ಕಡಲಿಗಿಳಿದಿರುವುದೂ, ಅಷ್ಟಮಿಯ ದಿನವನ್ನು ಕೃಷ್ಣಮಠದ ಪಂಚಾಂಗದಲ್ಲಿ ನೋಡಿಕೊಳ್ಳಬೇಕಾದುದೂ, ಮಾತ್ರೆಯ ಚೀಟಿಯನ್ನು ಜುಲೈ ಕೊನೆಯಲ್ಲೇ ಕಳುಹಿಸಬೇಕಾದುದೂ ಅವರಿಗೆ ತಿಳಿಯುತ್ತದೆ.