ಆಗುಂಬೆ ನೆತ್ತಿಯ ಮೇಲೆ ಎಷ್ಟು ಎತ್ತರದಲ್ಲಿ ಚಳಿ ಜಾಸ್ತಿ?

ತೀರ್ಥಹಳ್ಳಿಯ ನಮ್ಮ ಹೈಸ್ಕೂಲ್ ಮಕ್ಕಳಿಗೆ ಹೀಗೆ ಹೇಳಿಕೊಡುತ್ತೇನೆ. ಕಾಸ್ಮಿಕ್-2 ಉಪಗ್ರಹಗಳ ಡೇಟಾ ಇಳಿಸಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. 2019ರಲ್ಲಿ ಹಾರಿದ ಈ ಆರು ಉಪಗ್ರಹಗಳು, ಜಿಪಿಎಸ್ ಸಿಗ್ನಲ್ ಗಾಳಿಯಲ್ಲಿ ಎಷ್ಟು ಬಾಗಿತು ಎಂದು ಅಳೆಯುತ್ತವೆ. ಅದರಿಂದ ಯಾವ ಎತ್ತರದಲ್ಲಿ ಎಷ್ಟು ಉಷ್ಣಾಂಶ ಎಂಬ ಲೆಕ್ಕ ಸಿಗುತ್ತದೆ. ಮೋಡ, ಮಳೆ ಅಡ್ಡಿಯಿಲ್ಲ. ಜುಲೈ ತಿಂಗಳ ಆಗುಂಬೆಗೆ ಇನ್ನೇನು ಬೇಕು!

13.5 ಡಿಗ್ರಿ ಉತ್ತರ, 75.1 ಡಿಗ್ರಿ ಪೂರ್ವದ ಆಸುಪಾಸಿನ ಒಂದು ಅಳತೆ ಆರಿಸಿ. ಸರಿಯಾಗಿ ನೆತ್ತಿ ಮೇಲಿನದೇ ಬೇಕೆಂದು ಸುಮ್ನೆ ಕಾಯಬೇಡಿ. ಎತ್ತರವನ್ನು ನೆಟ್ಟಗೆ, ಉಷ್ಣಾಂಶವನ್ನು ಅಡ್ಡಕ್ಕೆ ಹಾಕಿ ಗ್ರಾಫ್ ಬರೆಯಿರಿ. ಕೆಳಗಿನ ಕೆಲವು ಕಿಲೋಮೀಟರಿನ 'ಒಣ ಉಷ್ಣಾಂಶ' (ಗಾಳಿಯಲ್ಲಿ ತೇವವೇ ಇಲ್ಲವೆಂದುಕೊಂಡು ಹಾಕಿದ ಲೆಕ್ಕ) ನಂಬಬೇಡಿ, ತೇವ ಲೆಕ್ಕ ಕೆಡಿಸುತ್ತದೆ. ಸಾಮಾನ್ಯವಾಗಿ 16–18 ಕಿ.ಮೀ. ನಡುವೆ ಗೆರೆ ಎಡಕ್ಕೆ ಹೋಗಿ ತಿರುಗುತ್ತದಲ್ವಾ, ಅದೇ ಅತಿ ತಂಪಿನ ಜಾಗ, ಸುಮಾರು ಮೈನಸ್ 80 ಡಿಗ್ರಿ.

ಈ ಜಾಗ ಟ್ರೋಪೋಪಾಸ್‌ನ, ಅಂದರೆ ವಾತಾವರಣದ ಕೆಳಪದರ ಮುಗಿದು ಮೇಲಿನ ಪದರ ಶುರುವಾಗುವ ಗಡಿಯ, ಒಂದು ಗುರುತು. ಅದಕ್ಕೆ ಇನ್ನೊಂದು ಅಳತೆಯಿದೆ: ಮೇಲೇರಿದಂತೆ ಉಷ್ಣಾಂಶದ ಇಳಿಕೆ ಕಿ.ಮೀ.ಗೆ 2 ಡಿಗ್ರಿ ಅಥವಾ ಕಡಿಮೆಯಾಗಿ, ಮೇಲಿನ 2 ಕಿ.ಮೀ.ವರೆಗೂ ಸರಾಸರಿ ಹಾಗೇ ಉಳಿಯಬೇಕು. ಎರಡೂ ಗುರುತು ಹಾಕಿ. ಒಂದೇ ಎತ್ತರಕ್ಕೆ ಬರಬೇಕೆಂದಿಲ್ಲ.